ನೀರೊಳಗಿನ ಬೇಗೆ

ಬೇಸಗೆಯ ರಜೆ ಬಂತೆಂದರೆ ನಮ್ಮ ಕಾಸರಗೋಡಿನ ಕೆರೆ, ಮದಕಗಳಲ್ಲಿ ಮಕ್ಕಳ ಗದ್ದಲ. ನೀರಿಗಿಳಿದವರಿಗೆ ಶೀತವಾದೀತೆಂದು ಅಂಜುವ ಹಿರಿಯರೇ ಹೆಚ್ಚು. ನೀರಿನೊಳಗಿದ್ದೂ ಮೈ ಕಾದು ಅಪಾಯ ಸಂಭವಿಸೀತೆಂಬ ಯೋಚನೆ ನಮಗೂ ಬಹುಕಾಲ ಹೊಳೆದಿರಲಿಲ್ಲ.

2010ರ ಅಕ್ಟೋಬರ್ 23ರಂದು ಅರಬ್ ಸಂಯುಕ್ತ ಸಂಸ್ಥಾನದ ಫುಜೈರಾ ಕಡಲಲ್ಲಿ 10 ಕಿಲೋಮೀಟರಿನ ಈಜುಸ್ಪರ್ಧೆ ನಡೆಯಿತು. ಅಮೆರಿಕದ ಫ್ರಾನ್ ಕ್ರಿಪೆನ್ ಎಂಬ 26ರ ತರುಣ ಗುರಿಯನ್ನು ಮುಟ್ಟಲೇ ಇಲ್ಲ. ಹುಡುಕಿದಾಗ ಸಿಕ್ಕಿದ್ದು ಶವ. ಅಂದು ನೀರಿನ ಬಿಸಿ 30 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿತ್ತು. ಹೃದಯದ ದೋಷವೂ ಇದ್ದಿರಬಹುದೆಂಬ ಮಾತು ವಿಚಾರಣೆಯಲ್ಲಿ ಬಂತು. ಆದರೆ ಬೇಗೆಯಿಂದ ಬಳಲಿ ಬೇರೆ ಈಜುಗಾರರೂ ಅಂದು ಆಸ್ಪತ್ರೆ ಸೇರಿದ್ದರೆಂಬುದನ್ನು ಮರೆಯಲಾಗದು. ಆ ಬಳಿಕ ಅಂತರರಾಷ್ಟ್ರೀಯ ಈಜು ಸಂಸ್ಥೆಯು ತೆರೆದ ನೀರಿನ ಸ್ಪರ್ಧೆಗಳಿಗೆ 31 ಡಿಗ್ರಿಯ ಮೇಲ್ಮಿತಿಯನ್ನು ವಿಧಿಸಿತು.

ಮೂವತ್ತು ಡಿಗ್ರಿಯೆಂದರೆ ಮೈಬಿಸಿಗಿಂತ ಕಡಿಮೆಯೇ ಅಲ್ಲವೇ ಎಂದು ಓದುಗರು ಕೇಳಿಯಾರು. ಸುಮ್ಮನೆ ಮೀಯುವವನಿಗೆ ಅದು ಹಿತವೇ ಸರಿ. ರಭಸದಿಂದ ಈಜುವವನ ಸಂಗತಿ ಬೇರೆ. ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಮುಕ್ಕಾಲಿಗೂ ಮಿಕ್ಕ ಪಾಲು ಶಾಖವಾಗಿಬಿಡುತ್ತದೆ. ನೆಲದ ಮೇಲೆ ಓಡುವವನ ಬೆವರು ಆರುತ್ತ ಆ ಶಾಖವನ್ನು ಕೊಂಡೊಯ್ಯುತ್ತದೆ. ಈಜುವವನೂ ಬೆವರುತ್ತಾನೆ, ಆದರೆ ನೀರಿನೊಳಗೆ ಬೆವರು ಆರುವುದೆಲ್ಲಿ? ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸಬಲ್ಲುದು, ನಿಜ. ಆದರೆ ನೀರಿನ ಬಿಸಿ ಚರ್ಮದ ಬಿಸಿಯನ್ನು ಸಮೀಪಿಸಿದಂತೆಲ್ಲ ಆ ದಾರಿಯೂ ಮುಚ್ಚುತ್ತ ಬರುತ್ತದೆ. ಸ್ಪರ್ಧೆಯ ಕೊಳಗಳ ನೀರನ್ನು 25ರಿಂದ 28 ಡಿಗ್ರಿಯೊಳಗೆ ಇರಿಸುವ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಎಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡಲೂ 30ರ ಸಮೀಪವಿರುತ್ತದೆ.

ಆದುದರಿಂದ ಸ್ಪರ್ಧೆಗೆ ಸಿದ್ಧರಾಗುವ ಮಕ್ಕಳ ಕಠಿಣ ಅಭ್ಯಾಸ ಬೆಳಗ್ಗಿನ ಹೊತ್ತಿಗೇ ಮುಗಿಯಲಿ. ನೀರಿನಲ್ಲಿರುವಾಗ ಬಾಯಾರಿಕೆ ತಿಳಿಯದು. ದಡದಲ್ಲಿ ಒಂದು ತಂಬಿಗೆ ನೀರೋ, ಉಪ್ಪು ಬೆರೆಸಿದ ಮಜ್ಜಿಗೆಯೋ ಇದ್ದು, ನಡುನಡುವೆ ಕುಡಿಸುತ್ತಿರಬೇಕು. ಮುಖ ಕೆಂಪೇರಿದರೆ ರಬ್ಬರಿನ ಟೊಪ್ಪಿಯನ್ನು ತೆಗೆಸಿ, ದಡಕ್ಕೆ ಕರೆದು, ಒದ್ದೆ ಮೈಯಲ್ಲಿಯೇ ನೆರಳಿನ ಗಾಳಿಗೆ ಕೂರಿಸಿ. ‘ಶೀತವಾಗುತ್ತದೆ’ ಎಂದು ಕೂಡಲೇ ಟವಲು ಸುತ್ತುವ ಅಮ್ಮಂದಿರಲ್ಲಿ ನಮ್ಮ ಬಿನ್ನಹವೆಂದರೆ, ಆ ತೇವ ಆರುವಾಗಲೇ ಮೈ ತಣಿಯುವುದು.

ತಲೆನೋವು, ವಾಕರಿಕೆ, ಕೈಬೀಸುವ ಲಯ ತಪ್ಪುವುದು, ಕೇಳಿದ್ದಕ್ಕೆ ಅಸಂಬದ್ಧ ಉತ್ತರ ಇವು ಕಂಡರೆ ಈಜು ಅಲ್ಲಿಗೇ ನಿಲ್ಲಲಿ. ಮಾತು ತೊದಲಿದರೆ ಮೈಗೆ ತಣ್ಣೀರು ಸುರಿಯುತ್ತ, ಗಾಳಿ ಹಾಕುತ್ತ ವೈದ್ಯರಲ್ಲಿಗೆ ಒಯ್ಯಬೇಕು. ಪ್ರಜ್ಞೆ ಮಸುಕಾದವನ ಬಾಯಿಗೆ ಮಾತ್ರ ಏನನ್ನೂ ಹೊಯ್ಯಬಾರದು.