ನೀರು ಮರಳಿತು, ನೀರಿನ ಅರಿವು ಮರಳಲಿಲ್ಲ

2024ರ ಡಿಸೆಂಬರ್ 10ರ ಸಂಜೆ ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಕೊತ್ತೂರು ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಸೆಳೆತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಶಾಲಾ ಪ್ರವಾಸಕ್ಕೆಂದು ಹೋಗಿದ್ದ ಮಕ್ಕಳು, ಹದಿನೈದರ ಆಸುಪಾಸಿನ ವಯಸ್ಸು. ಆಮೇಲಿನದೆಲ್ಲ ಬಹಳ ಬೇಗ ನಡೆಯಿತು. ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಣೆಯಾಯಿತು, ಪ್ರಾಂಶುಪಾಲರ ಅಮಾನತಾಯಿತು, ಶಿಕ್ಷಕರ ಬಂಧನವಾಯಿತು, ಕಡಲತೀರಕ್ಕೆ ಪ್ರವಾಸಿಗರನ್ನು ಬಿಡುವುದು ನಿಂತಿತು. ಜನರ ನಡುವೆ ಎರಡು ಕೂಗು ಎದ್ದವು. ಮೇಷ್ಟರುಗಳನ್ನು ಜೈಲಿಗೆ ಹಾಕಿ ಎಂಬುದು ಒಂದು. ಶಾಲೆಗಳಿಗೆ ಪ್ರವಾಸವೇ ಬೇಡ ಎಂಬುದು ಇನ್ನೊಂದು.

ಈ ಎರಡು ಕೂಗುಗಳನ್ನೂ ನಾನು ವಿರೋಧಿಸುತ್ತೇನೆ. ಶಿಕ್ಷಕರ ಲೋಪವೆಷ್ಟು ಎಂಬುದನ್ನು ನ್ಯಾಯಾಲಯ ನೋಡಲಿ. ಆದರೆ ಆ ತೀರ್ಪು ಏನೇ ಬರಲಿ, ಮುಂದಿನ ವರ್ಷ ಇನ್ನೊಂದು ಶಾಲೆಯ ಮಕ್ಕಳು ಇನ್ನೊಂದು ನೀರಿನ ದಡದಲ್ಲಿ ನಿಂತಾಗ ಅವರನ್ನು ಕಾಯುವ ಶಕ್ತಿ ಅದಕ್ಕಿಲ್ಲ. ಮಕ್ಕಳನ್ನು ಗುಂಪಾಗಿ ನೀರಿನ ಬಳಿಗೆ ಕಳಿಸುವ ವ್ಯವಸ್ಥೆ ಇದೆ, ಬಸ್ಸಿದೆ, ಅನುಮತಿ ಪತ್ರವಿದೆ. ನೀರಿನ ಬಳಿ ಏನು ಮಾಡಬೇಕು, ಏನು ಮಾಡಬಾರದು ಎಂಬ ತಯಾರಿ ಮಾತ್ರ ಇಲ್ಲ. ಕೋಲಾರ ಜಿಲ್ಲೆಯ ಮಟ್ಟಿಗೆ ಈ ಕೊರತೆಗೆ ನಮ್ಮದೇ ಆದ ಒಂದು ಚರಿತ್ರೆಯೂ ಇದೆ.

ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ಹಿಂದಿನವರು ಎರಡು ಸಾವಿರಕ್ಕೂ ಹೆಚ್ಚು ಕೆರೆ ಕಟ್ಟಿ ಬದುಕಿದರು. ಕೆರೆ ತುಂಬಿದ್ದಾಗ ಸೇದುವ ಬಾವಿಗಳೂ ತುಂಬಿರುತ್ತಿದ್ದವು. ಹುಡುಗರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಹಾರುತ್ತಿದ್ದರು. ಮೇಲೆ ಹಗ್ಗ ಹಿಡಿದು ಅಣ್ಣನೋ ಮಾವನೋ ನಿಂತಿರುತ್ತಿದ್ದ. ಅದೇ ಅವರ ಈಜು ಶಾಲೆ. ಬರ ಸಾಲುಗಟ್ಟಿ ಬಂದು, ಕೊಳವೆಬಾವಿ ಸಾವಿರ ಅಡಿ ದಾಟಿ ಇಳಿದ ಮೇಲೆ ತೆರೆದ ಬಾವಿಗಳು ಬತ್ತಿ ಕಸದ ಗುಂಡಿಗಳಾದವು. ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು. ತುಂಬಿದ ಕೆರೆಯನ್ನೇ ನೋಡದೆ ಒಂದು ತಲೆಮಾರು ದೊಡ್ಡದಾಯಿತು. ಆ ತಲೆಮಾರಿನವರೇ ಇಂದಿನ ಶಿಕ್ಷಕರು, ಇಂದಿನ ತಂದೆತಾಯಿಗಳು.

2018ರ ಜೂನ್‌ನಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೆರೆಯಿಂದ ಕೆರೆಗೆ ಹರಿಯಿತು. 2021ರ ಮಳೆಗೆ ಬಾಕಿ ಕೆರೆಗಳಲ್ಲೂ ಎಷ್ಟೋ ಕೋಡಿ ಹರಿದವು. ಆ ನೀರಿನ ಗುಣಮಟ್ಟದ ಬಗ್ಗೆ ನ್ಯಾಯಾಲಯದಲ್ಲೂ ಬೀದಿಯಲ್ಲೂ ವರ್ಷಗಟ್ಟಲೆ ವಾದ ನಡೆದಿದೆ. ನಡೆಯಬೇಕಾದ ವಾದವೇ. ಆದರೆ ಈ ನಡುವೆ ಯಾರೂ ಕೇಳದ ಪ್ರಶ್ನೆ ಒಂದಿದೆ: ಮೂವತ್ತು ವರ್ಷ ಒಣಗಿದ್ದ ಕೆರೆಗೆ ಇದ್ದಕ್ಕಿದ್ದಂತೆ ನೀರು ತುಂಬಿದಾಗ ಈಜು ಬಾರದ ಊರು ಅದರ ಪಕ್ಕದಲ್ಲಿ ಬದುಕುವುದು ಹೇಗೆ?

ಕೆರೆ ಒಣಗಿದ್ದಾಗ ಅದರ ಒಡಲಲ್ಲಿ ಏನೇನು ನಡೆಯಿತೆಂದು ನಮಗೆಲ್ಲ ಗೊತ್ತು. ಮರಳು ತೆಗೆದರು. ಇಟ್ಟಿಗೆ, ಹೆಂಚಿಗೆ ಹೆಸರಾದ ಮಾಲೂರಿನ ಕಡೆ ಜೇಡಿಮಣ್ಣು ಬಗೆದರು. ಹೂಳೆತ್ತುತ್ತೇವೆಂದು ಜೆಸಿಬಿಯಲ್ಲಿ ಮನಬಂದಂತೆ ತೋಡಿದರು. ಹಿಂದಿನ ಕೆರೆಯಲ್ಲಿ ದಡದಿಂದ ನಡೆದಂತೆ ಮೆಲ್ಲಗೆ ಆಳವಾಗುತ್ತಿತ್ತು. ಈಗಿನ ಕೆರೆಯಲ್ಲಿ ಮೊಣಕಾಲುದ್ದದ ನೀರಿನಿಂದ ಮುಂದಿನ ಹೆಜ್ಜೆಗೇ ಎರಡಾಳು ಗುಂಡಿ ಇರಬಹುದು. ಮೇಲಿನಿಂದ ನೋಡಿದರೆ ಎಲ್ಲ ಒಂದೇ ಸಮನಾದ ನೀರು. ಶ್ರೀನಿವಾಸಪುರದ ಮಾವಿನ ತೋಪುಗಳ ಕಡೆ ಹೋದರೆ ಕೃಷಿಹೊಂಡಗಳಿವೆ. ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆಗೆ ಪಾಚಿ ಹಿಡಿದರೆ, ಬಿದ್ದವರು ಈಜು ಬಲ್ಲವರಾದರೂ ಹತ್ತಿ ಬರಲಾರರು. ಗಂಟು ಹಾಕಿದ ಒಂದು ಹಗ್ಗವನ್ನು ಗೂಟಕ್ಕೆ ಕಟ್ಟಿ ಹೊಂಡದೊಳಕ್ಕೆ ಇಳಿಬಿಟ್ಟರೆ ಸಾಕು, ಜೀವ ಉಳಿಯುತ್ತದೆ. ಹೊಂಡ ತೋಡಲು ಸಹಾಯಧನ ಕೊಡುವ ಸರ್ಕಾರ, ಸುತ್ತ ಬೇಲಿಯೂ ಒಳಗೆ ಹಗ್ಗವೂ ಇಲ್ಲದ ಹೊಂಡಕ್ಕೆ ಒಂದು ಪೈಸೆಯನ್ನೂ ಬಿಡುಗಡೆ ಮಾಡಬಾರದು.

2019ರ ಸೆಪ್ಟೆಂಬರ್ 10ರಂದು ಕೆಜಿಎಫ್ ಬಳಿಯ ಮರದಘಟ್ಟದಲ್ಲಿ ಗಣೇಶನನ್ನು ಬಿಡಲು ನೀರಿಗಿಳಿದ ಆರು ಮಕ್ಕಳು ಸತ್ತರು. ಅಲ್ಲಿ ಕಡಲಿರಲಿಲ್ಲ, ಅಲೆಯಿರಲಿಲ್ಲ, ಶಾಲಾ ಪ್ರವಾಸವೂ ಇರಲಿಲ್ಲ. ಇದ್ದದ್ದು ಊರ ಪಕ್ಕದ ಕುಂಟೆ. ಪ್ರವಾಸ ನಿಲ್ಲಿಸಿದರೆ ಮಕ್ಕಳು ಉಳಿಯುತ್ತಾರೆ ಎನ್ನುವವರು ಈ ಆರು ಮಕ್ಕಳ ಬಗ್ಗೆ ಏನು ಹೇಳುತ್ತಾರೆ? ನೀರಿನಿಂದ ಮಕ್ಕಳನ್ನು ದೂರ ಇಡುತ್ತೇವೆ ಎಂಬುದು ಬರಗಾಲದಲ್ಲಿ ನಡೆಯುವ ಮಾತು. ಕೆರೆ ತುಂಬಿದ ಜಿಲ್ಲೆಯಲ್ಲಿ ಅದು ನಡೆಯುವುದಿಲ್ಲ.

ಪ್ರವಾಸ ನಿಷೇಧ ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ನೋಡಬೇಕು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಓದುವವರು ಬಡವರ, ಹಿಂದುಳಿದವರ, ದಲಿತರ, ಅಲ್ಪಸಂಖ್ಯಾತರ ಮಕ್ಕಳು. ಎಷ್ಟೋ ಹೆಣ್ಣುಮಕ್ಕಳಿಗೆ ಸಮುದ್ರ ನೋಡಲು ಶಾಲೆಯ ಆ ಒಂದು ಬಸ್ಸು ಬಿಟ್ಟರೆ ಬೇರೆ ದಾರಿಯಿಲ್ಲ. ಉಳ್ಳವರ ಮಕ್ಕಳು ಅಪಾರ್ಟ್‌ಮೆಂಟಿನ ಕೊಳದಲ್ಲಿ ಈಜು ಕಲಿಯುತ್ತಾರೆ, ರಜೆಯಲ್ಲಿ ಸಾಲಿಗ್ರಾಮದ ಹಿನ್ನೀರಿನಲ್ಲಿ, ಹೊನ್ನೆಮರಡುವಿನಲ್ಲಿ ಕಯಾಕ್ ಎಂಬ ಕಿರುದೋಣಿಗೆ ಹುಟ್ಟು ಹಾಕುತ್ತಾರೆ. ನಿಷೇಧ ಅವರನ್ನು ಮುಟ್ಟುವುದಿಲ್ಲ. ಅನ್ಯಾಯ ಇಲ್ಲಿಗೇ ನಿಲ್ಲುವುದೂ ಇಲ್ಲ. ಬಾವಿಗಳು ತುಂಬಿದ್ದ ಕಾಲದಲ್ಲೂ ಸೋರೆಬುರುಡೆ ಕಟ್ಟುತ್ತಿದ್ದದ್ದು ಗಂಡುಮಕ್ಕಳ ಬೆನ್ನಿಗೇ. ಹೆಣ್ಣುಮಕ್ಕಳಿಗೆ ಈಜು ಯಾರೂ ಕಲಿಸಲಿಲ್ಲ. ನೆಂದಷ್ಟೂ ಭಾರವಾಗುವ ಚೂಡಿದಾರ, ದುಪ್ಪಟ್ಟಾದಲ್ಲೇ ಅವರು ಅಲೆಗೆ ಇಳಿಯುತ್ತಾರೆ. ಮುರುಡೇಶ್ವರದಲ್ಲಿ ಸತ್ತ ನಾಲ್ವರೂ ಹೆಣ್ಣುಮಕ್ಕಳು ಎಂಬುದನ್ನು ಬರಿಯ ಆಕಸ್ಮಿಕವೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಉತ್ತರಕ್ಕೆ ಮುಂಚೆ ಹೊರಗಿನ ಒಂದು ಘಟನೆಯನ್ನು ಇಲ್ಲಿ ವಿವರವಾಗಿ ಹೇಳಬೇಕು. 1993ರ ಮಾರ್ಚ್ 22ರಂದು ಇಂಗ್ಲೆಂಡಿನ ದಕ್ಷಿಣ ತೀರದ ಲೈಮ್ ಕೊಲ್ಲಿಯಲ್ಲಿ ಪ್ಲಿಮತ್ ಊರಿನ ಶಾಲೆಯ ಎಂಟು ಮಕ್ಕಳು, ಒಬ್ಬ ಶಿಕ್ಷಕ, ಇಬ್ಬರು ತರಬೇತುದಾರರು ಕಯಾಕ್‌ಗಳಲ್ಲಿ ಹೊರಟರು. ದಡದ ಗುಂಟ ಪಕ್ಕದ ಊರಿಗೆ ಹೋಗುವ ಕಿರುಪ್ರಯಾಣ. ಗಾಳಿ ಅವರನ್ನು ಕಡಲೊಳಕ್ಕೆ ತಳ್ಳಿತು. ಒಂದೊಂದೇ ಕಯಾಕ್‌ಗೆ ನೀರು ನುಗ್ಗಿ ಮಗುಚಿತು. ಸಂಕಟದ ಸೂಚನೆ ಕೊಡಲು ಅವರ ಬಳಿ ಬೆಳಕಿನ ಬಾಣವಿರಲಿಲ್ಲ. ಮಧ್ಯಾಹ್ನಕ್ಕೆ ತಲುಪಬೇಕಿದ್ದ ಗುಂಪು ತಲುಪಿಲ್ಲವೆಂಬ ಸುದ್ದಿ ಕರಾವಳಿ ರಕ್ಷಣಾ ಪಡೆಗೆ ಮುಟ್ಟಿದ್ದು ಗಂಟೆಗಟ್ಟಲೆ ತಡವಾಗಿ. ನಾಲ್ಕು ಮಕ್ಕಳು ಸತ್ತರು.

ವಿಚಾರಣೆಯಲ್ಲಿ ಹೊರಬಿದ್ದ ಸತ್ಯ ಮುಖ್ಯವಾದುದು. ಆ ಪ್ರಯಾಣ ನಡೆಸಿದ ಸಾಹಸ ಕೇಂದ್ರದಲ್ಲಿ ಹಿಂದೆ ಕೆಲಸ ಮಾಡಿ ಬಿಟ್ಟುಹೋಗಿದ್ದ ತರಬೇತುದಾರರು, ಇಲ್ಲಿ ಸುರಕ್ಷತೆ ಸಾಲದು, ಒಂದು ದಿನ ಸಾವಾಗುತ್ತದೆ ಎಂಬರ್ಥದ ಎಚ್ಚರಿಕೆಯನ್ನು ತಿಂಗಳುಗಳ ಮುಂಚೆಯೇ ಬರೆದುಕೊಟ್ಟಿದ್ದರು. ಆಡಳಿತ ಕಿವಿಗೊಡಲಿಲ್ಲ. 1994ರ ಡಿಸೆಂಬರ್‌ನಲ್ಲಿ ಕೇಂದ್ರವನ್ನು ನಡೆಸುತ್ತಿದ್ದ ಕಂಪನಿಗೂ ಅದರ ಆಡಳಿತ ನಿರ್ದೇಶಕನಿಗೂ ನರಹತ್ಯೆಯ ಅಪರಾಧ ಸಾಬೀತಾಯಿತು, ನಿರ್ದೇಶಕ ಜೈಲಿಗೆ ಹೋದ. ಸತ್ತ ಮಕ್ಕಳ ತಂದೆತಾಯಿಗಳೂ ಆ ಊರಿನವರೂ ಪಟ್ಟು ಹಿಡಿದ ಕಾರಣ 1995ರಲ್ಲಿ ಹೊಸ ಕಾನೂನು ಬಂತು. ಮಕ್ಕಳಿಗೆ ಇಂಥ ಚಟುವಟಿಕೆ ನಡೆಸುವವರು ತಪಾಸಣೆಗೆ ಒಳಪಟ್ಟು ಪರವಾನಗಿ ಪಡೆಯುವುದು ಕಡ್ಡಾಯವಾಯಿತು.

ಲೈಮ್ ಕೊಲ್ಲಿಯಲ್ಲಿ ನಾಲ್ಕು ಮಕ್ಕಳು, ಮುರುಡೇಶ್ವರದಲ್ಲಿ ನಾಲ್ಕು ಮಕ್ಕಳು. ಅಲ್ಲಿ ಪ್ರಶ್ನೆ ಮೇಲಕ್ಕೆ ಹೋಯಿತು: ಯಾರು ಕಳಿಸಿದರು, ಯಾರು ದುಡ್ಡು ಉಳಿಸಿದರು, ಯಾರು ಎಚ್ಚರಿಕೆಯನ್ನು ತಳ್ಳಿಹಾಕಿದರು? ಇಲ್ಲಿ ಪ್ರಶ್ನೆ ಕೆಳಗೇ ಉಳಿಯಿತು: ದಡದಲ್ಲಿ ಯಾರಿದ್ದರು? ದಡದಲ್ಲಿದ್ದವರು ಶಿಕ್ಷಕರು. ಅವರಿಗೆ ಕಡಲಿನ ಬಗ್ಗೆ ಒಂದು ದಿನದ ತರಬೇತಿಯನ್ನಾದರೂ ಯಾರು ಕೊಟ್ಟಿದ್ದರು? ಅವರು ತಿಳಿದಿರಬೇಕಾದ ಮಾತು ಇಷ್ಟೇ: ದಡಕ್ಕೆ ಬಡಿದ ಅಲೆಯ ನೀರು ಕೆಲವೆಡೆ ಒಂದು ಕಿರಿದಾದ ಕಾಲುವೆಯಲ್ಲಿ ಒಟ್ಟಾಗಿ ರಭಸದಿಂದ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಅಲೆ ಮುರಿಯುವುದು ಕಡಿಮೆ, ಆದ್ದರಿಂದ ತಿಳಿಯದವರಿಗೆ ಅದೇ ಶಾಂತವಾದ ಜಾಗವಾಗಿ ಕಾಣುತ್ತದೆ. ಸಿಕ್ಕಿಬಿದ್ದರೆ ದಡದ ಕಡೆ ಎದುರೀಜಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಕರಾವಳಿಯ ಮಗುವಿಗೆ ಗೊತ್ತಿರುವ ಈ ಮಾತನ್ನು ಬಯಲುಸೀಮೆಯ ಶಿಕ್ಷಕರಿಗೆ ಯಾರೂ ಹೇಳದೆ, ಐವತ್ತು ಮಕ್ಕಳ ಹೊಣೆ ಹೊರಿಸಿ ಕಳಿಸುವುದೇ ಮೊದಲ ತಪ್ಪು.

ನಮ್ಮಲ್ಲಿ ಪಾಠಗಳಿಗೆ ಕೊರತೆಯಿಲ್ಲ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಹರಣಿಯ ನೀರು ನಮ್ಮ ಕೋಲಾರಮ್ಮನ ಕೆರೆಯಂತೆ ಊರಿಗೆ ಹೊಂದಿಕೊಂಡ ನಿಂತ ನೀರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರು, ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ. ನಾಳೆ ನಮ್ಮ ಕೆರೆಗಳಲ್ಲೂ ಬೋಟಿಂಗ್, ಕಯಾಕಿಂಗ್ ಎಂದು ಟೆಂಡರ್ ಕರೆಯುವ ದಿನ ಬರುತ್ತದೆ. ಅದು ಬರಲಿ, ಆದರೆ ನಿಯಮ ಅದಕ್ಕಿಂತ ಮುಂಚೆ ಬರಲಿ. 2021ರ ಒಳನಾಡು ನೌಕಾ ಕಾಯ್ದೆಯಲ್ಲಿ ಯಂತ್ರವಿಲ್ಲದ ದೋಣಿಗಳ ಮೇಲಿನ ನಿಗಾವನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಲು ಅವಕಾಶವಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ದೋಣಿ ಸುರಕ್ಷತೆಯ ಮಾರ್ಗಸೂಚಿ ಕೊಟ್ಟಿದೆ. ಕಾಗದಕ್ಕೆ ಬರವಿಲ್ಲ, ಅದನ್ನು ದಡಕ್ಕೆ ತರುವ ಮನಸ್ಸಿಗೆ ಬರ.

ನನ್ನ ಒತ್ತಾಯ ಸ್ಪಷ್ಟವಾಗಿದೆ. ಮೊದಲನೆಯದಾಗಿ, ಮಕ್ಕಳ ಪ್ರವಾಸಕ್ಕೆ ಅನುಮತಿ ಕೊಡುವ ಅಧಿಕಾರಿ ನೀರಿನ ಯೋಜನೆಯೊಂದನ್ನು ಬರಹದಲ್ಲಿ ಕೇಳಬೇಕು. ಯಾವ ನೀರು, ಎಷ್ಟು ಹೊತ್ತಿಗೆ, ಯಾವ ಜೀವರಕ್ಷಕರ ಕಾವಲಿನಲ್ಲಿ, ಇಬ್ಬಿಬ್ಬರ ಜೋಡಿ ಹೇಗೆ, ತಲೆ ಎಣಿಸುವವರು ಯಾರು, ಎಷ್ಟು ಹೊತ್ತಿನೊಳಗೆ ಗುಂಪು ಮರಳದಿದ್ದರೆ ಯಾರಿಗೆ ಫೋನು ಹೋಗಬೇಕು. ಅನುಮತಿಗೆ ಸಹಿ ಹಾಕಿದ ಅಧಿಕಾರಿಯೂ ಹೊಣೆಗಾರನಾಗಬೇಕು. ಕಯಾಕ್ ಅಥವಾ ದೋಣಿಯಾದರೆ ಮಗುವಿನ ಅಳತೆಯ, ಪಟ್ಟಿ ಬಿಗಿದ ಲೈಫ್ ಜಾಕೆಟ್ ದಡದಲ್ಲೇ ಹಾಕಿರಬೇಕು. ಗುಂಪಿನ ಮುಂದೊಬ್ಬ, ಹಿಂದೊಬ್ಬ ಬಲ್ಲವನಿರಬೇಕು, ಪಕ್ಕದಲ್ಲಿ ಖಾಲಿ ರಕ್ಷಣಾ ದೋಣಿ ಇರಬೇಕು.

ಎರಡನೆಯದಾಗಿ, ಬೇಡ ಎನ್ನುವ ಅಧಿಕಾರ ಒಬ್ಬರಿಗೆ ಇರಬೇಕು. ಗಾಳಿ ಎದ್ದಾಗ, ಕೆಂಪು ಬಾವುಟ ಕಂಡಾಗ ಕಾರ್ಯಕ್ರಮ ರದ್ದು ಮಾಡುವ ಶಿಕ್ಷಕರನ್ನು ದುಡ್ಡು ಹಾಳಾಯಿತೆಂದು, ಮಕ್ಕಳು ಅತ್ತರೆಂದು ಯಾರೂ ದೂರಬಾರದು. ಪೋಷಕರಾದ ನಮಗೂ ಈ ಮಾತು ಸಲ್ಲುತ್ತದೆ. 2021ರಲ್ಲಿ ವೇಲ್ಸ್‌ನ ಹ್ಯಾವರ್‌ಫರ್ಡ್‌ವೆಸ್ಟ್‌ನಲ್ಲಿ ಮಳೆಗೆ ಉಕ್ಕಿದ್ದ ನದಿಯಲ್ಲಿ ಪ್ಯಾಡಲ್‌ಬೋರ್ಡ್ ಎಂಬ ತೇಲುಹಲಗೆಗಳಲ್ಲಿ ಹೊರಟ ಗುಂಪು ಅಡ್ಡಗಟ್ಟೆಗೆ ಸಿಕ್ಕಿ ನಾಲ್ವರು ಸತ್ತರು. ಮುಂದೆ ಅಡ್ಡಗಟ್ಟೆಯಿದೆ ಎಂದು ಬಂದವರಿಗೆ ಸರಿಯಾಗಿ ತಿಳಿಸಿಯೇ ಇರಲಿಲ್ಲ. ಆ ದಿನ ಒಬ್ಬರು ಬೇಡ ಎಂದಿದ್ದರೆ ನಾಲ್ವರೂ ಮನೆಗೆ ಹೋಗುತ್ತಿದ್ದರು. ಪ್ರವಾಸ ನಡೆಸಿದಾಕೆಗೆ 2025ರಲ್ಲಿ ಹತ್ತೂವರೆ ವರ್ಷ ಶಿಕ್ಷೆಯಾಯಿತು.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು: ಮಕ್ಕಳಿಗೆ ಈಜು ಕಲಿಸಬೇಕು, ಹೆಣ್ಣುಮಕ್ಕಳಿಗೆ ಮೊದಲು ಕಲಿಸಬೇಕು. ಬೆಂಗಳೂರಿನಿಂದ ಬಂದ ನೀರು ತುಂಬಿದ ಕೆರೆಗಳು ಇದಕ್ಕೆ ತಕ್ಕವಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಎದೆಮಟ್ಟದ ಒಂದು ಶುದ್ಧ ಕೊಳ ಬೇಕು. ದುಡ್ಡಿಲ್ಲ ಎನ್ನುವವರು ಬಾಂಗ್ಲಾದೇಶವನ್ನು ನೋಡಲಿ. ನಮಗಿಂತ ಬಡ ಹಳ್ಳಿಗಳಲ್ಲಿ ಊರ ಹೊಂಡಕ್ಕೆ ಬಿದಿರಿನ ಅಟ್ಟಣಿಗೆ ಇಳಿಸಿ, ಅದರೊಳಗೆ ಮಕ್ಕಳಿಗೆ ತೇಲುವುದನ್ನೂ ಉಸಿರು ಹಿಡಿಯುವುದನ್ನೂ ಕಲಿಸಿದರು. ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವ ಅಪಾಯ ಬಹುಪಾಲು ತಗ್ಗಿತು. ಈಜಿನ ಜೊತೆಗೆ ಇನ್ನೆರಡು ಪಾಠ ಸೇರಬೇಕು. ಮುಳುಗುವವರನ್ನು ಕಂಡರೆ ಹಾರಬೇಡಿ. ಹಗ್ಗ, ಬಿದಿರು, ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್ ಎಸೆಯಿರಿ. ಮೇಲೆತ್ತಿದ ಮೇಲೆ ಹೊಟ್ಟೆ ಒತ್ತಿ ನೀರು ಕಕ್ಕಿಸುತ್ತಾ ಹೊತ್ತು ಕಳೆಯಬೇಡಿ; ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆ ಒತ್ತಿ.

ದೇಶದಲ್ಲಿ ವರ್ಷಕ್ಕೆ ಸುಮಾರು 38 ಸಾವಿರ ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಇದನ್ನು ವಿಧಿ ಎನ್ನುವವರಿದ್ದಾರೆ. ಹಗ್ಗ, ಜಾಕೆಟ್, ಎಣಿಕೆ, ಈಜು, ಇಷ್ಟರಿಂದ ತಪ್ಪಿಸಬಹುದಾದ ಸಾವನ್ನು ವಿಧಿ ಎಂದು ಕರೆಯಲು ನಮಗೆ ಹಕ್ಕಿಲ್ಲ. ಶಾಲಾ ಪ್ರವಾಸಗಳ ಕಾಲ ಪ್ರತಿ ವರ್ಷ ಚಳಿಗಾಲಕ್ಕೆ ಬರುತ್ತದೆ. ಮುಂದಿನ ಬಸ್ಸು ಹೊರಡುವ ಮುಂಚೆ ಮೊರಾರ್ಜಿ ಶಾಲೆಗಳನ್ನು ನಡೆಸುವ ವಸತಿ ಶಿಕ್ಷಣ ಸಂಸ್ಥೆಗಳ ಸಂಘವೂ ಕೋಲಾರ ಜಿಲ್ಲಾಡಳಿತವೂ ಈ ಮೂರು ಕೆಲಸಗಳಲ್ಲಿ ಮೊದಲೆರಡನ್ನು ಆದೇಶವಾಗಿ ಹೊರಡಿಸಲಿ, ಮೂರನೆಯದಕ್ಕೆ ಬಜೆಟ್ಟಿನಲ್ಲಿ ಹಣ ಇಡಲಿ. ಹಾಗೆ ಮಾಡದೆ ಇನ್ನೊಂದು ಸಾವಾದರೆ, ಅಮಾನತಿನ ಪಟ್ಟಿಯಲ್ಲಿ ಮೊದಲ ಹೆಸರು ದಡದಲ್ಲಿದ್ದ ಶಿಕ್ಷಕರದಾಗಬಾರದು. ಕಚೇರಿಯಲ್ಲಿ ಕುಳಿತು ಸಹಿ ಹಾಕಿದವರದಾಗಬೇಕು.