ಎರಡು ಕುದುರೆಗೆ ‘ಇಂಟರ್‌ನ್ಯಾಷನಲ್’ ಯಾಕೆ?

ಇಂಟರ್ನಲ್ಸ್ ಮುಗಿದ ದಿನ ನಮ್ಮ ಸೀನಿಯರ್ ಒಬ್ಬರು ಕ್ಯಾಂಟೀನಿಗೆ ಬಂದು ನಮ್ಮ ಮುಂದೆ ಒಂದು ಹಾಳೆ ಇಟ್ಟರು. ಮೆಕ್ಯಾನಿಕಲ್ ಮುಗಿಸಿ ಎರಡು ವರ್ಷ ಕೆಲಸ ಮಾಡಿದವರು, ಈಗ ಮೈಸೂರಿನ ಹೊರವಲಯದಲ್ಲಿ ಕುದುರೆ ಸವಾರಿ ಕಲಿಸುವ ಶಾಲೆ ಶುರು ಮಾಡ್ತಿದ್ದಾರೆ. ಹಾಳೆಯಲ್ಲಿ ಹದಿನಾಲ್ಕು ಹೆಸರು. “ಕನ್ನಡ ಸಂಘದವರಲ್ವೇನ್ರೋ, ಇದರಲ್ಲಿ ಒಂದು ಆರಿಸಿಕೊಡಿ” ಅಂದರು.

ಓದಿದೆವು. ಅರ್ಧಕ್ಕರ್ಧ ಹೆಸರಲ್ಲಿ ‘ರಾಯಲ್’, ನಾಲ್ಕರಲ್ಲಿ ‘ಇಂಟರ್‌ನ್ಯಾಷನಲ್’, ಬಹುತೇಕ ಎಲ್ಲದರ ಬಾಲದಲ್ಲೂ ‘ಈಕ್ವೆಸ್ಟ್ರಿಯನ್ ಅಕಾಡೆಮಿ’. ಸದ್ಯಕ್ಕೆ ಇರೋದು ಎರಡು ಕುದುರೆ, ಒಂದು ತಗಡಿನ ಶೆಡ್ಡು. ಅವರ ತಂದೆ ಮೈಸೂರಲ್ಲಿ ಟಾಂಗಾ ಓಡಿಸಿದವರು. ಆ ಟಾಂಗಾ ದುಡ್ಡಲ್ಲೇ ಇವರ ಫೀಸು ಕಟ್ಟಿದ್ದು. ಹಾಳೆಯಲ್ಲಿ ಅದರ ಸುಳಿವೇ ಇರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, “ಅಪ್ಪನೇ ಬೇಡ ಅಂದ್ರು. ಟಾಂಗಾದವರು ಅಂತ ಗೊತ್ತಾದ್ರೆ ತಿಂಗಳಿಗೆ ಅಷ್ಟೊಂದು ಫೀಸು ಯಾರು ಕೊಡ್ತಾರೆ ಅಂತಾರೆ” ಅಂದರು.

ನಮ್ಮ ತಕರಾರು ಇರೋದು ಇಲ್ಲೇ.

ಸವಾರಿ ಕಲಿಯೋಕೆ ಇವತ್ತು ಆಸೆ ಇರುವವರು ಇದ್ದಾರೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು. ಈ ಕ್ರೀಡೆಯಲ್ಲಿ ಭಾರತಕ್ಕೆ ವೈಯಕ್ತಿಕ ಪದಕ ಬಂದಿದ್ದು 1982ರ ನಂತರ ಅದೇ ಮೊದಲು. ಹಾಗಾಗಿ ಮಗುವನ್ನು ಕರ್ಕೊಂಡು ಬರೋ ಅಪ್ಪ ಅಮ್ಮ ಸಿಕ್ಕೇ ಸಿಗ್ತಾರೆ. ಆದರೆ ಅವರು ಗೇಟಿನ ಹತ್ತಿರ ನಿಂತು ಕೇಳೋದು ‘ನೀವು ರಾಯಲ್ಲಾ?’ ಅಂತಲ್ಲ. ‘ಕುದುರೆ ಒದೆಯಲ್ವಾ? ನಮ್ಮ ಮಗು ಬೀಳಲ್ವಾ? ನಿಮಗೆ ಎಷ್ಟು ವರ್ಷದ ಅನುಭವ?’ ಅಂತ. ಮೂವತ್ತು ವರ್ಷ ಬಸ್ಸು, ಹಾರ್ನು, ದಸರಾ ಜನಜಂಗುಳಿ ನಡುವೆ ಕುದುರೆ ಬೆದರದ ಹಾಗೆ ಓಡಿಸಿದ ಮನುಷ್ಯ ಆ ಮನೆಯಲ್ಲೇ ಇದ್ದಾರೆ. ಇರುವ ಅತಿ ದೊಡ್ಡ ಬಂಡವಾಳವನ್ನೇ ಬಚ್ಚಿಡುವ ಹೆಸರು ಒಳ್ಳೆ ಹೆಸರು ಹೇಗಾಗುತ್ತೆ?

ಕಾನೂನಿನ ಲೆಕ್ಕದಲ್ಲೂ ಆ ಹದಿನಾಲ್ಕು ಹೆಸರು ಸೊರಗಿದವೇ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಪ್ರಕಾರ, ಮಾಡುವ ಕೆಲಸವನ್ನೋ ಅದರ ಗುಣಮಟ್ಟವನ್ನೋ ಊರನ್ನೋ ಬರೀ ವರ್ಣಿಸುವ ಹೆಸರಿಗೆ ಸುಲಭವಾಗಿ ನೋಂದಣಿ ಸಿಗಲ್ಲ. ‘ಮೈಸೂರು ಹಾರ್ಸ್ ರೈಡಿಂಗ್ ಸ್ಕೂಲ್’ ಅಂತಿಟ್ಟರೆ ನಾಳೆ ಪಕ್ಕದ ರಸ್ತೆಯವರು ಅದಕ್ಕೊಂದು ‘ನ್ಯೂ’ ಸೇರಿಸಿಕೊಂಡರೂ ತಡೆಯೋದು ಕಷ್ಟ. ಹಾಗಂತ ಪ್ರಸಿದ್ಧ ಹೆಸರನ್ನು ಎತ್ತಿಕೊಳ್ಳೋಕೂ ಆಗಲ್ಲ. ಹಾಳೆಯಲ್ಲಿ ‘ಚೇತಕ್’ ಕೂಡ ಇತ್ತು. ರಾಣಾ ಪ್ರತಾಪನ ಕುದುರೆಯ ಹೆಸರು. ಬಜಾಜ್ ಅದನ್ನು ಸ್ಕೂಟರಿಗೆ ಇಟ್ಟಿತು, ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಹೆಲಿಕಾಪ್ಟರಿಗೂ ಅದೇ ಹೆಸರು. ಇಷ್ಟು ಓಡಾಡಿದ ಹೆಸರಿನ ಮೇಲೆ ಹೊಸಬರು ಸವಾರಿ ಮಾಡಿದರೆ ಯಾರಿಗೂ ಇವರ ನೆನಪು ಉಳಿಯಲ್ಲ.

ಇನ್ನು ಬೋರ್ಡಿನ ವಿಷಯ. 2024ರಿಂದ ರಾಜ್ಯದಲ್ಲಿ ನಾಮಫಲಕದ ಶೇ. 60ರಷ್ಟು ಕನ್ನಡದಲ್ಲಿರಬೇಕು. ‘ರಾಯಲ್ ಈಕ್ವೆಸ್ಟ್ರಿಯನ್’ ಅಂತ ಕನ್ನಡ ಅಕ್ಷರದಲ್ಲಿ ದಪ್ಪಗೆ ಬರೆಸಿದರೆ ಬೋರ್ಡ್ ಕನ್ನಡವಾಗಿ ಕಾಣುತ್ತೆ ನಿಜ. ಆದರೆ ಕುದುರೆಗೆ ಹುಲ್ಲು ತರುವ ಆಟೋದವನು ಅದನ್ನು ಓದಿ ವಿಳಾಸ ಹೇಳೋಕೆ ಆಗಬೇಕಲ್ವಾ?

ಹಾಗಾದರೆ ಅಚ್ಚಗನ್ನಡದ್ದೇ ಇಡೋಣ ಅಂತ ನಾವೂ ಹೊರಟೆವು. ‘ನಾಗಾಲೋಟ’ ಅಂದೆವು. ಪೇಪರಿನಲ್ಲಿ ಬೆಲೆ ಏರಿಕೆಗೆ ಬಳಸಿ ಬಳಸಿ ಆ ಪದ ಕೇಳಿದರೇನೇ ಕೈಮೀರಿತು ಅನ್ಸುತ್ತೆ. ಯಾವ ತಾಯಿ ತಾನೇ ಮಗುವನ್ನು ಕಳಿಸ್ತಾಳೆ? ‘ಕಡಿವಾಣ’ ಅಂದರೆ ಹಾಸ್ಟೆಲ್ ವಾರ್ಡನ್ ನೆನಪಾದರು. ‘ರಾವುತ’ ಎಲ್ಲರಿಗೂ ಹಿಡಿಸಿತು, ಆನೆಗೆ ಮಾವುತ ಇದ್ದ ಹಾಗೆ ಕುದುರೆಗೆ ರಾವುತ. ಆದರೆ ಇಂಗ್ಲಿಷಲ್ಲಿ ಟೈಪ್ ಮಾಡಿ ಅಂದಾಗ ಐದು ಜನ ಐದು ಥರ ಸ್ಪೆಲ್ಲಿಂಗ್ ಹೊಡೆದರು. ಫೋನಲ್ಲಿ ಹುಡುಕೋ ಕಾಲದಲ್ಲಿ ಅದು ಸಣ್ಣ ತೊಂದರೆ ಅಲ್ಲ.

ಕೊನೆಗೆ ಉಳಿದಿದ್ದು ‘ಸವಾರಿ’. ಜೀನು, ಲಗಾಮುಗಳ ಹಾಗೆ ಇದೂ ಪಾರ್ಸಿ ಕಡೆಯಿಂದ ಬಂದ ಪದ. ಆದರೆ ಜಂಬೂಸವಾರಿಯ ಊರಲ್ಲಿ ಅದನ್ನು ಹೊರಗಿನದ್ದು ಅಂತ ಯಾರು ಹೇಳ್ತಾರೆ? ಅದೊಂದೇ ಇದ್ದರೆ ಮತ್ತೆ ಬರೀ ವರ್ಣನೆ ಆಗುತ್ತೆ. ಅದಕ್ಕೊಂದು ಸ್ವಂತ ಹೆಸರು ಬೇಕಿತ್ತು.

“ನಿಮ್ಮಪ್ಪನ ಟಾಂಗಾ ಕುದುರೆ ಹೆಸರೇನು?” ಅಂತ ಕೇಳಿದೆವು. “ಚಿನ್ನಿ” ಅಂದರು. “ವಯಸ್ಸಾಗಿದೆ, ಈಗ ಗಾಡಿಗೆ ಕಟ್ಟಲ್ಲ. ಹಿತ್ತಲಲ್ಲೇ ಇರುತ್ತೆ.”

‘ಚಿನ್ನಿ ಸವಾರಿ ಶಾಲೆ’. ನಮ್ಮ ಓಟು ಇದಕ್ಕೇ. ಒಂದು ಸಲ ಕೇಳಿದರೆ ಮಗು ಮರೆಯಲ್ಲ, ಟೈಪ್ ಮಾಡೋಕೆ ತಡಕಾಡಬೇಕಿಲ್ಲ. ‘ಚಿನ್ನಿ ಯಾರು?’ ಅಂತ ಕೇಳಿದವರಿಗೆ ಹೇಳೋಕೆ ನಿಜವಾದ ಉತ್ತರ ಇದೆ. ಅದನ್ನು ಹೇಳೋಕೆ ತಂದೆಯವರನ್ನೇ ಮುಂದೆ ಕರೀಬಹುದು.

ಅವರ ತಂದೆಯ ಭಯ ಸುಳ್ಳು ಅಂತ ನಾವು ಹೇಳ್ತಿಲ್ಲ. ‘ರಾಯಲ್’ ನೋಡಿ ಜಾಸ್ತಿ ದುಡ್ಡು ಕೊಡುವವರು ಇದ್ದಾರೆ. ‘ಚಿನ್ನಿ’ ಕೇಳಿ ಚೌಕಾಸಿ ಮಾಡುವವರೂ ಬರ್ತಾರೆ. ಇಎಂಐ ಕಟ್ಟಬೇಕಾದವರು ಅವರೇ ಹೊರತು ನಾವಲ್ಲ. ಆದರೆ ಆ ಭಯವನ್ನು ಹುಟ್ಟಿಸಿದವರು ನಾವೆಲ್ಲ ಅಲ್ವಾ? ಪ್ರಾಜೆಕ್ಟಿಗೆ, ಸ್ಟಾರ್ಟಪ್ಪಿಗೆ, ಫೆಸ್ಟಿಗೆ ಹೆಸರಿಡುವಾಗ ಮನೆಯಿಂದ ಎಷ್ಟು ದೂರದ್ದಾದರೆ ಅಷ್ಟು ಬೆಲೆ ಅಂತ ಅಂದುಕೊಂಡಿರೋದು ನಾವೇ ತಾನೇ?

ಸೀನಿಯರ್ ಇನ್ನೂ ಏನೂ ಹೇಳಿಲ್ಲ. ಹಾಳೆ ಮಡಚಿ ಜೇಬಿಗಿಟ್ಟು, “ಅಪ್ಪನ್ನ ಕೇಳ್ತೀನಿ” ಅಂತ ಹೋದರು. ಹೋಗೋ ಮುಂಚೆ ಹದಿನೈದನೇ ಹೆಸರನ್ನ ಅವರೇ ಪೆನ್ನಲ್ಲಿ ಬರೆದುಕೊಂಡರು. ಸದ್ಯಕ್ಕೆ ನಮಗೆ ಅಷ್ಟು ಸಾಕು.