ಪ್ರಾಥಮಿಕ ಶಾಲಾ ಮಕ್ಕಳ ನಿತ್ಯದ ಹಾಜರಿ ಮತ್ತು ಸಮಯಪಾಲನೆ ಕುರಿತು ಮನವಿ ಪತ್ರ

ಸ್ಥಳ: ಸದಾಶಿವಗಡ
ದಿನಾಂಕ: ಜೂನ್ 9, 2025

ಇವರಿಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯತ, ಉತ್ತರ ಕನ್ನಡ, ಕಾರವಾರ

ಇವರಿಂದ,
ಸದಾಶಿವಗಡ, ಚಿತ್ತಾಕುಲಾ, ದೇವಬಾಗ ಮತ್ತು ಮಾಜಾಳಿ ಭಾಗದ ಪ್ರಾಥಮಿಕ ಶಾಲಾ ಮಕ್ಕಳ ಪಾಲಕರು

ವಿಷಯ: ಗೈರಾದ ಹಾಗೂ ತಡವಾಗಿ ಬರುವ ಮಕ್ಕಳ ಬಗ್ಗೆ ಅದೇ ದಿನ ವಿಚಾರಿಸುವ ವ್ಯವಸ್ಥೆ ಮಾಡುವುದು ಮತ್ತು ಅವರು ಹೊತ್ತಿಗೆ ಸರಿಯಾಗಿ ಶಾಲೆ ತಲುಪಲು ಇರುವ ಅಡ್ಡಿಗಳನ್ನು ನಿವಾರಿಸುವ ಬಗ್ಗೆ.

ಮಾನ್ಯರೇ,

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಕಾಳಿ ನದಿಯ ಉತ್ತರ ದಂಡೆಯ ನಮ್ಮ ಊರುಗಳಲ್ಲಿ ಮಕ್ಕಳ ಹೆಸರು ಶಾಲೆಯಲ್ಲಿ ದಾಖಲಾಗುತ್ತಿದೆ. ಪುಸ್ತಕ, ಸಮವಸ್ತ್ರ, ಬಿಸಿಯೂಟ ಸಿಗುತ್ತಿವೆ. ಇದಕ್ಕಾಗಿ ನಾವು ಕೃತಜ್ಞರು. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ವಾರಕ್ಕೊಂದು ದಿನ ತರಗತಿಯಲ್ಲಿ ಕಾಣದ ಮಕ್ಕಳಿದ್ದಾರೆ. ಪ್ರಾರ್ಥನೆ ಮುಗಿದು ಮೊದಲ ಪಾಠ ಅರ್ಧವಾದ ಮೇಲೆ ಬಾಗಿಲ ಬಳಿ ಬಂದು ನಿಲ್ಲುವ ಮಕ್ಕಳಿದ್ದಾರೆ. ಇವರಿಗೆ ಆಗುತ್ತಿರುವ ನಷ್ಟವನ್ನು ತಮ್ಮ ಗಮನಕ್ಕೆ ತರುವುದು ಈ ಮನವಿಯ ಉದ್ದೇಶ.

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಶಾಲಾ ದಿನ ಮತ್ತು 800 ಗಂಟೆ ಬೋಧನೆ ಆಗಬೇಕು. ನಿತ್ಯ ಅರ್ಧ ಗಂಟೆ ತಡವಾಗಿ ಬರುವ ಮಗು ಈ ಲೆಕ್ಕದಲ್ಲಿ 100 ಗಂಟೆ ಕಳೆದುಕೊಳ್ಳುತ್ತದೆ, ಅಂದರೆ ವರ್ಷದ ಪಾಠದ ಎಂಟನೇ ಒಂದು ಭಾಗ. ವಾರಕ್ಕೊಂದು ದಿನ ತಪ್ಪಿಸುವ ಮಗುವಿನ ನಷ್ಟ ಇದಕ್ಕಿಂತಲೂ ದೊಡ್ಡದು. 1ರಿಂದ 3ನೇ ತರಗತಿಯವರೆಗೆ ನಲಿ-ಕಲಿ ಪದ್ಧತಿಯಲ್ಲಿ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಕಲಿಕೆ ಮುಂದುವರಿಸಬಹುದು. 4ನೇ ತರಗತಿಗೆ ಬಂದ ಮೇಲೆ ಆ ಅನುಕೂಲ ಇಲ್ಲ. ತಪ್ಪಿದ ಭಾಗಾಕಾರ ತಪ್ಪಿಯೇ ಹೋಗುತ್ತದೆ, ಅರ್ಥವಾಗದ ತರಗತಿಗೆ ಮರುದಿನ ಹೋಗಲು ಮಗುವಿಗೆ ಮನಸ್ಸೂ ಬರುವುದಿಲ್ಲ.

2013ರಲ್ಲಿ ರಾಜ್ಯ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಬಳಿಕ, ಸತತ 7 ದಿನ ಗೈರಾದ ಮಗುವನ್ನು ಹುಡುಕಿ ಮರಳಿ ಕರೆತರುವ ಕ್ರಮ ಜಾರಿಗೆ ಬಂತು. ಇದು ಒಳ್ಳೆಯ ಕ್ರಮ. ಆದರೆ ಸೋಮವಾರ ಬಂದು, ಮಂಗಳವಾರ ತಪ್ಪಿಸಿ, ಬುಧವಾರ ಮತ್ತೆ ಬರುವ ಮಗು ವರ್ಷವಿಡೀ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಸತತ ಗೈರನ್ನಷ್ಟೇ ನೋಡದೆ, ಒಟ್ಟು ಶಾಲಾ ದಿನಗಳಲ್ಲಿ ಶೇ. 10ರಷ್ಟು ತಪ್ಪಿಸಿದ ಮಗುವಿನ ಬಗ್ಗೆ ವಿಶೇಷ ಗಮನ ಕೊಡುತ್ತಾರೆ. ನಮ್ಮಲ್ಲೂ ಅಂಥ ಲೆಕ್ಕ ಬೇಕಾಗಿದೆ.

ಮಕ್ಕಳು ಗೈರಾಗಲು, ತಡವಾಗಿ ಬರಲು ಅವರ ಆಲಸ್ಯವೇ ಕಾರಣ ಎಂದು ನಾವು ಒಪ್ಪುವುದಿಲ್ಲ. ಮೀನು ಮಾರುವ ತಾಯಂದಿರು ಬೆಳಕು ಹರಿಯುವ ಮುನ್ನವೇ ಬುಟ್ಟಿ ಹೊತ್ತು ಬೈತಖೋಲ ಬಂದರಿನ ಕಡೆ ಹೊರಡುತ್ತಾರೆ. ತಂದೆ ಬೋಟಿನಲ್ಲಿರುತ್ತಾರೆ, ಇಲ್ಲವೇ ಗೋವಾದಲ್ಲಿ ಕೆಲಸದಲ್ಲಿರುತ್ತಾರೆ. ಮನೆಯಲ್ಲಿ ಉಳಿದ 4ನೇ ತರಗತಿಯ ಹುಡುಗಿ ತಮ್ಮನಿಗೆ ಮುಖ ತೊಳೆಸಿ, ರಾತ್ರಿಯ ಗಂಜಿ ಬಿಸಿ ಮಾಡಿ ಉಣಿಸಿ, ಕೈಮಗುವನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ತಾನು ಜಡೆ ಹಾಕಿಕೊಳ್ಳುವಷ್ಟರಲ್ಲಿ ಶಾಲೆಯ ಗಂಟೆ ಹೊಡೆದಿರುತ್ತದೆ. ಪಕ್ಕದ ಮನೆಯವರೂ ಇಲ್ಲದ ದಿನ ಅವಳ ಹೆಸರಿನ ಮುಂದೆ ಗೈರು ಬೀಳುತ್ತದೆ. ಬೆಳಗಿನಿಂದ ಅಷ್ಟೆಲ್ಲ ಕೆಲಸ ಮಾಡಿ ಬಂದವಳನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಅವಳು ನಾಳೆ ಬೇಗ ಬರುವುದಿಲ್ಲ, ಬಾರದೇ ಇರುತ್ತಾಳೆ.

ಮನೆಯ ಹೊರಗೂ ಅಡ್ಡಿಗಳಿವೆ. ರಾಷ್ಟ್ರೀಯ ಹೆದ್ದಾರಿ 66 ನಮ್ಮ ಊರನ್ನು ಸೀಳಿಕೊಂಡು ಹೋಗಿದೆ. ಸದಾಶಿವಗಡ–ಔರಾದ್ ರಾಜ್ಯ ಹೆದ್ದಾರಿಯೂ ಇಲ್ಲಿಂದಲೇ ಆರಂಭವಾಗುತ್ತದೆ. ಗೋವಾ ಕಡೆಯ ಲಾರಿಗಳ ನಡುವೆ ಆರು ವರ್ಷದ ಮಗು ಒಂಟಿಯಾಗಿ ರಸ್ತೆ ದಾಟಲಾರದು. ಮಳೆಗಾಲದಲ್ಲಿ ರಸ್ತೆಯೇ ಕೈಕೊಡುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಬಂದ್ ಆಯಿತು. ಆಗಸ್ಟ್ 7ರಂದು ಮಧ್ಯರಾತ್ರಿ ಕಳೆದ ಮೇಲೆ ನಮ್ಮ ಕಾಳಿ ನದಿಯ ಹಳೆಯ ಸೇತುವೆಯೇ ಕುಸಿದುಬಿತ್ತು. ಇನ್ನು ಮನೆಯಲ್ಲಿ ಕೊಂಕಣಿ ಆಡುವ ಮಗುವಿಗೆ 1ನೇ ತರಗತಿಯ ಕನ್ನಡ ಹೊಸದು. ಟೀಚರ್ ಹೇಳಿದ್ದು ತಿಳಿಯದೆ ಅಳುತ್ತ ಮನೆಗೆ ಬಂದ ಮಗು ಮರುದಿನ ಹೊಟ್ಟೆನೋವೆಂದು ಮಲಗುತ್ತದೆ.

ಶಿಕ್ಷಣ ಹಕ್ಕು ಕಾಯ್ದೆಯ 9ನೇ ಕಲಮು ತನ್ನ ವ್ಯಾಪ್ತಿಯ ಪ್ರತಿ ಮಗುವಿನ ದಾಖಲಾತಿಯ ಜೊತೆಗೆ ಹಾಜರಾತಿಯನ್ನೂ ಖಾತ್ರಿಪಡಿಸುವ ಹೊಣೆಯನ್ನು ಸ್ಥಳೀಯ ಪ್ರಾಧಿಕಾರಕ್ಕೆ ವಹಿಸಿದೆ. ಆದ್ದರಿಂದ ಈ ಕೆಳಗಿನ ಬೇಡಿಕೆಗಳನ್ನು ತಮ್ಮ ಮುಂದಿಡುತ್ತಿದ್ದೇವೆ.

1. ಅದೇ ದಿನ ವಿಚಾರಣೆ: ಮಗು ಬಾರದ ದಿನ ಮಧ್ಯಾಹ್ನದ ಊಟದ ಹೊತ್ತಿನೊಳಗೆ ಶಾಲೆಯಿಂದ ಮನೆಗೆ ಫೋನ್ ಹೋಗಬೇಕು. ಫೋನ್ ಸಿಗದಿದ್ದರೆ ಆ ವಾಡಾದ (ಕೇರಿಯ) ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ ತಿಳಿಸಬೇಕು. ಕಾರಣವನ್ನು ಒಂದು ಸಾಲಿನಲ್ಲಿ ಬರೆದಿಡಬೇಕು.

2. ತಿಂಗಳ ಪಟ್ಟಿ: ತಿಂಗಳಲ್ಲಿ ಶೇ. 10ಕ್ಕಿಂತ ಹೆಚ್ಚು ದಿನ ಗೈರಾದ ಮಕ್ಕಳ ಮತ್ತು ಪದೇ ಪದೇ ತಡವಾಗಿ ಬರುವ ಮಕ್ಕಳ ಪಟ್ಟಿಯನ್ನು ಎಸ್‌ಡಿಎಂಸಿ ಸಭೆಯಲ್ಲಿಟ್ಟು, ಮನೆಯವರ ಜೊತೆ ಕೂತು ಪರಿಹಾರ ಹುಡುಕಬೇಕು. ಮಕ್ಕಳ ಹೆಸರನ್ನು ನೋಟಿಸ್ ಬೋರ್ಡಿಗೆ ಹಚ್ಚಬಾರದು. ಹೆಸರು ಬಿಟ್ಟು ಕಾರಣಗಳನ್ನಷ್ಟೇ ಮಕ್ಕಳ ಗ್ರಾಮಸಭೆಯಲ್ಲಿ ಚರ್ಚೆಗಿಡಬೇಕು.

3. ತಡವಾದ ಮಗುವಿಗೆ ಶಿಕ್ಷೆ ಬೇಡ: ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ತಡವಾಗಿ ಬಂದ ಮಗುವನ್ನು ಒಳಗೆ ಕೂಡಿಸಿ, ಬಿಡುವಿನ ವೇಳೆಯಲ್ಲಿ ಕಾರಣ ಕೇಳಬೇಕು. ಕ್ಷೀರಭಾಗ್ಯ ಯೋಜನೆಯ ಹಾಲನ್ನು ಆ ಮಗುವಿಗೂ ಎತ್ತಿಡಬೇಕು. ಬೆಳಗಿನಿಂದ ಅದರ ಹೊಟ್ಟೆಗೆ ಏನೂ ಬಿದ್ದಿರದಿದ್ದರೆ ಆ ಒಂದು ಲೋಟ ಹಾಲೇ ಆಧಾರ.

4. ಕೂಸಿನ ಮನೆ: ಉದ್ಯೋಗ ಖಾತ್ರಿ ಕೂಲಿಕಾರ ತಾಯಂದಿರಿಗಾಗಿ ಗ್ರಾಮ ಪಂಚಾಯತಗಳು ನಡೆಸುವ ಕೂಸಿನ ಮನೆಯಂಥ ವ್ಯವಸ್ಥೆ ಮೀನುಗಾರ ಮಹಿಳೆಯರಿಗೂ ದೊರೆಯಬೇಕು. ಅದು ಬೆಳಿಗ್ಗೆ 6ಕ್ಕೆ ತೆರೆಯಬೇಕು. ಕೈಮಗುವಿಗೆ ನೆಲೆ ಸಿಕ್ಕರೆ ಅಕ್ಕ ಶಾಲೆಗೆ ಹೋಗುತ್ತಾಳೆ.

5. ರಸ್ತೆ ಮತ್ತು ಬಸ್ಸು: ಶಾಲೆ ಆರಂಭವಾಗುವ ಮತ್ತು ಬಿಡುವ ಹೊತ್ತಿನಲ್ಲಿ ಹೆದ್ದಾರಿ ದಾಟುವ ಕಡೆ ಗೃಹರಕ್ಷಕರನ್ನು ನಿಲ್ಲಿಸಬೇಕು. ಬಸ್ಸಿನ ಸಮಯವನ್ನು ಶಾಲೆಯ ಗಂಟೆಗೆ ಹೊಂದಿಸುವಂತೆ ಸಾರಿಗೆ ಸಂಸ್ಥೆಗೆ ಬರೆಯಬೇಕು. ಬಸ್ಸಿಲ್ಲದ ಮಜರೆಗಳ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯ ಸಾರಿಗೆ ಭತ್ಯೆ ಕೊಡಿಸಬೇಕು.

6. ಮಳೆ ರಜೆ: ರಜೆಯನ್ನು ಸಾಧ್ಯವಾದಷ್ಟೂ ಹಿಂದಿನ ಸಂಜೆಯೇ ಘೋಷಿಸುವಂತೆ ಜಿಲ್ಲಾಡಳಿತದೊಂದಿಗೆ ಮಾತನಾಡಬೇಕು. ನಸುಕಿನಲ್ಲಿ ಹೊರಡುವ ತಾಯಿಗೆ ಬೆಳಗಿನ ವಾಟ್ಸ್‌ಆ್ಯಪ್ ಸಂದೇಶ ತಲುಪುವುದಿಲ್ಲ. ರಸ್ತೆ ಕಡಿದುಹೋದಾಗ ಮಕ್ಕಳು ಹತ್ತಿರದ ಯಾವುದೇ ಸರ್ಕಾರಿ ಶಾಲೆಯಲ್ಲಿ ತಾತ್ಕಾಲಿಕವಾಗಿ ಕೂತು ಕಲಿಯಲು, ಅಲ್ಲಿಯ ಹಾಜರಿ ತಮ್ಮ ಶಾಲೆಯಲ್ಲಿ ಎಣಿಕೆಯಾಗಲು ಆದೇಶ ಬೇಕು.

7. ಭಾಷೆಯ ನೆರವು: 1ನೇ ತರಗತಿಯ ಮೊದಲ ತಿಂಗಳುಗಳಲ್ಲಿ ಕೊಂಕಣಿ ಬಲ್ಲ ಶಿಕ್ಷಕರನ್ನು, ಅವರಿಲ್ಲದ ಕಡೆ ಕೊಂಕಣಿ ಬಲ್ಲ ಸ್ಥಳೀಯ ಸಹಾಯಕರನ್ನು ಒದಗಿಸಬೇಕು. ಪರಿಚಿತ ಮಾತಿನ ಮೂಲಕ ಮಗು ಕನ್ನಡಕ್ಕೆ ಬರಲಿ.

8. ಶಿಕ್ಷಕರ ಹಾಜರಿ: ಅತಿಥಿ ಶಿಕ್ಷಕರನ್ನು ಶಾಲೆ ತೆರೆಯುವ ಮೊದಲೇ ನೇಮಿಸಬೇಕು. ಒಬ್ಬಿಬ್ಬರೇ ಶಿಕ್ಷಕರಿರುವ ಶಾಲೆಗಳಿಂದ ಅವರನ್ನು ಬದಲಿ ವ್ಯವಸ್ಥೆ ಇಲ್ಲದೆ ಸಭೆ, ತರಬೇತಿಗೆ ಕರೆಯಬಾರದು. ಪಾಠ ನಡೆಯದ ದಿನ ಬಂದು ಹೋದ ಮಗು ಮತ್ತೆ ಬರಲು ಅನುಮಾನಿಸುತ್ತದೆ.

9. ಪ್ರೋತ್ಸಾಹ: ಪೂರ್ಣ ಹಾಜರಿಗೆ ಮಾತ್ರ ಬಹುಮಾನ ಕೊಟ್ಟರೆ ಜ್ವರ ಬಂದ ಮಗು ಜೂನ್‌ನಲ್ಲೇ ಸೋತಂತೆ. ಕಳೆದ ತಿಂಗಳಿಗಿಂತ ಹೆಚ್ಚು ದಿನ ಬಂದ, ಹೆಚ್ಚು ದಿನ ಹೊತ್ತಿಗೆ ಸರಿಯಾಗಿ ಬಂದ ಮಗುವನ್ನೂ ಪ್ರಾರ್ಥನೆಯಲ್ಲಿ ಹೆಸರು ಹೇಳಿ ಮೆಚ್ಚಬೇಕು. ಕಥೆ, ಹಾಡು, ಆಟದ ಚಟುವಟಿಕೆಗಳನ್ನು ದಿನದ ಮೊದಲ ಅವಧಿಗೆ ತಂದರೆ ಮಕ್ಕಳು ತಾವಾಗಿಯೇ ಬೇಗ ಬರುತ್ತಾರೆ.

ಪಾಲಕರ ಕರ್ತವ್ಯವನ್ನೂ ನಾವು ಮರೆತಿಲ್ಲ. ಪ್ರತಿ ವಾಡಾದಿಂದ ಮಕ್ಕಳು ಕೂಡಿ ಹೋಗುವಂತೆ ಸರದಿಯ ಮೇಲೆ ನಮ್ಮಲ್ಲೊಬ್ಬರು ಅವರ ಜೊತೆ ನಡೆಯುತ್ತಾರೆ. ರವಿವಾರದ ಸಂತೆಯ ದಣಿವು, ನೆಂಟರ ಮನೆಯ ಕಾರ್ಯ, ಅಂಗಡಿಯ ಕೆಲಸಗಳಿಗಾಗಿ ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳುವುದಿಲ್ಲ. ಕಾಯಿಲೆಯಾದರೆ ಶಾಲೆಗೆ ನಾವೇ ಮೊದಲು ತಿಳಿಸುತ್ತೇವೆ. ಎಸ್‌ಡಿಎಂಸಿ ಸಭೆಗೆ ತಪ್ಪದೆ ಬರುತ್ತೇವೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು, ಈಗ ತಂದೆ-ತಾಯಂದಿರು ಮನೆಯಲ್ಲಿ ಸಿಗುತ್ತಾರೆ. ಆಗಸ್ಟ್ 1ರಿಂದ ಬೋಟುಗಳು ಕಡಲಿಗಿಳಿದರೆ ಮನೆಯ ಬೆಳಗು ಮತ್ತೆ ಬದಲಾಗುತ್ತದೆ. ಆದಕಾರಣ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ಕ್ಷೇತ್ರ ಶಿಕ್ಷಣಾಧಿಕಾರಿಗಳು, ಗ್ರಾಮ ಪಂಚಾಯತ ಪ್ರತಿನಿಧಿಗಳು, ಮುಖ್ಯ ಶಿಕ್ಷಕರು ಮತ್ತು ಪಾಲಕರ ಜಂಟಿ ಸಭೆಯನ್ನು ಇದೇ ಜೂನ್ ತಿಂಗಳೊಳಗೆ ಸದಾಶಿವಗಡದಲ್ಲಿ ಕರೆದು, ಜುಲೈ 31ರೊಳಗೆ 1, 3 ಮತ್ತು 4ನೇ ಬೇಡಿಕೆಗಳನ್ನಾದರೂ ಜಾರಿಗೆ ತರಬೇಕೆಂದು ಕಳಕಳಿಯಿಂದ ವಿನಂತಿಸುತ್ತೇವೆ.



ತಮ್ಮ ವಿಶ್ವಾಸಿಗಳು,
ಸದಾಶಿವಗಡ ಭಾಗದ ಪಾಲಕರು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿಗಳು:
1. ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ, ಕಾರವಾರ
2. ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಕಾರವಾರ
3. ಕ್ಷೇತ್ರ ಶಿಕ್ಷಣಾಧಿಕಾರಿಗಳು, ಕಾರವಾರ
4. ಪಂಚಾಯತ ಅಭಿವೃದ್ಧಿ ಅಧಿಕಾರಿಗಳು, ಚಿತ್ತಾಕುಲಾ ಮತ್ತು ಮಾಜಾಳಿ